ಕಿವಿಬತ್ತಿಯ ಕಾಕಾ

ಅವರು ಯಾರದೇ ಆದರೂ ಮುಖ ನೋಡುವ ಮೊದಲು ಕಿವಿ ನೋಡುತ್ತಿದ್ದರು. ಹೊಸಬರು ಚಾಳಿನ ಮೆಟ್ಟಿಲು ಹತ್ತಿ ಬಂದರೆ ನಮಸ್ಕಾರಕ್ಕೂ ಮುಂಚೆ ಕತ್ತು ವಾರೆ ಮಾಡಿ, ಕಣ್ಣು ಕಿರಿದಾಗಿಸಿ, ಬಂದವರ ಕಿವಿಯೊಳಗೆ ಇಣುಕುವರು. ಆಮೇಲೆ, "ಎಡಗಿವಿ ಭಾಳ ತುಂಬೈತ್ರಿ ನಿಮ್ಮದು. ಐತವಾರ ಮುಂಜಾನೆ ಬರ್ರಿ" ಎನ್ನುವರು. ಬಂದವರ ಬೆರಳು ತಾನಾಗಿಯೇ ಎಡಗಿವಿಗೆ ಹೋಗುತ್ತಿತ್ತು. ಅಲ್ಲಿಗೆ ಅವರ ಅರ್ಧ ಕೆಲಸ ಮುಗಿದಂತೆ.

ಹೋದ ತಿಂಗಳು ಅವರು ತೀರಿಕೊಂಡರು. ಚೆಂಬೂರಿನ ನಮ್ಮ ಹಳೆಯ ಚಾಳಿನವರೊಬ್ಬರು ನಾನು ಕಲಿಸುವ ಶಾಲೆಗೇ ಬಂದು, "ಸಭಾ ಇಟ್ಟೀವಿ ಬಾಯಿ, ನೀವು ಟೀಚರ್ ಇದ್ದೀರಿ, ಅವ್ರ ಬಗ್ಗೆ ಎರಡು ಒಳ್ಳೇ ಮಾತು ಆಡಬೇಕು" ಎಂದು ಕೇಳಿದರು. ಒಳ್ಳೆಯ ಮಾತು ಎರಡಲ್ಲ, ನಾಲ್ಕಾದರೂ ಇವೆ. ಅವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆದರೆ ಅಷ್ಟನ್ನೇ ಹೇಳಿ, ಫೋಟೋಕ್ಕೆ ಹೂ ಹಾಕಿ ಬರುವುದು ನನ್ನಿಂದಾಗದು ಎಂದು ಸಭೆಗೆ ಹೋಗಲಿಲ್ಲ. ಅವರ ಹೆಸರನ್ನು ಬರೆಯುವುದಿಲ್ಲ. ಮಕ್ಕಳಿದ್ದಾರೆ, ಮೊಮ್ಮಕ್ಕಳಿದ್ದಾರೆ, ಅವರದೇನೂ ತಪ್ಪಿಲ್ಲ. ಚಾಳಿನಲ್ಲಿ ಅವರು ಎಲ್ಲರಿಗೂ ಕಾಕಾ ಆಗಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಬಾಯಿಗೆ ಹತ್ತಿದ ರೂಢಿ, ಗೌರವವಲ್ಲ.

ಒಳ್ಳೆಯದನ್ನು ಮೊದಲು ಮುಗಿಸುತ್ತೇನೆ. ನನ್ನಪ್ಪ ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಸೆಂಟ್ರಿಂಗ್ ಕೆಲಸಕ್ಕೆ ಬಂದವನು. ಕಟ್ಟುತ್ತಿದ್ದ ಬಿಲ್ಡಿಂಗಿನಲ್ಲೇ ಮಲಗುತ್ತಿದ್ದ ಅವನಿಗೆ ಚೆಂಬೂರಿನ ಆ ಚಾಳಿನಲ್ಲಿ ಒಂದು ಖೋಲಿ ಕೊಡಿಸಿದವರು ಕಾಕಾ. ಅವರು ಒಂದು ಕಂಪನಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದರು, ಮರಾಠಿ, ಹಿಂದಿ ಸಲೀಸಾಗಿ ಆಡುತ್ತಿದ್ದರು, ಮಾಲಕನ ಪರಿಚಯವಿತ್ತು. ಓದುಬರಹ ಬಾರದ ನಮ್ಮ ಕಡೆಯ ಗಂಡಸರಿಗೆಲ್ಲ ಊರಿಗೆ ಕಾಗದ ಬರೆದುಕೊಡುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಮೊದಲು ಅವರೇ ಬಂದು ನಿಲ್ಲುವರು. ಕಿವಿಯ ಗುಗ್ಗೆ ತೆಗೆಯಲೆಂದು ಹಚ್ಚುತ್ತಿದ್ದ ಕಿವಿಬತ್ತಿಗೂ ಅವರು ಯಾರಿಂದಲೂ ಒಂದು ಪೈಸೆ ಮುಟ್ಟಿದವರಲ್ಲ. ಇದನ್ನೇ ಎಲ್ಲರೂ ಹೇಳುತ್ತಾರೆ, ಸಭೆಯಲ್ಲೂ ಹೇಳಿರುತ್ತಾರೆ. ದುಡ್ಡು ತೆಗೆದುಕೊಂಡಿದ್ದರೆ ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ದುಡ್ಡು ಕೊಟ್ಟವನಿಗೆ ಜಗಳವಾಡುವ ಹಕ್ಕಾದರೂ ಇರುತ್ತದೆ. ಪುಕ್ಕಟೆ ಮಾಡಿಸಿಕೊಂಡವನು ಬಾಯಿ ತೆರೆಯುವುದು ಹೇಗೆ?

ಅವರಿಗೆ ಬೇಕಾದದ್ದು ಬೇರೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಪೈಜಾಮ ಹಾಕಿ, ಗ್ಯಾಲರಿಯಲ್ಲಿ ಚಾಪೆಯ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬರೇ ಬಂದು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕು. ಕೂಲಿಗಳನ್ನು ನಡುಗಿಸುವ ದೊಡ್ಡ ಮೀಸೆಯ ಮುಕಾದಮನೂ, ನಾಲ್ಕು ಮಕ್ಕಳ ತಾಯಿಯೂ. ಆ ಹೊತ್ತಿಗೆ ಅವರ ಮುಖದಲ್ಲೊಂದು ತೃಪ್ತಿ ಮೂಡುತ್ತಿತ್ತು. ಊರೆಲ್ಲ ತಮ್ಮ ಮಡಿಲಲ್ಲಿ ಮಲಗಿದೆ ಎಂಬ ತೃಪ್ತಿ. ಆಗ ನಾನದನ್ನು ಪ್ರೀತಿ ಎಂದುಕೊಂಡಿದ್ದೆ.

ಬತ್ತಿಯನ್ನು ಅವರೇ ಮಾಡುತ್ತಿದ್ದರು. ಹಳೆಯ ಧೋತರವನ್ನು ಪಟ್ಟಿ ಪಟ್ಟಿಯಾಗಿ ಹರಿದು, ಕರಗಿಸಿದ ಜೇನುಮೇಣಕ್ಕೆ ಒಂದಿಷ್ಟು ಅರಿಸಿನ ಕಲಸಿ ಅದರಲ್ಲಿ ಅದ್ದಿ, ಪೆನ್ಸಿಲಿಗೆ ಓರೆಯಾಗಿ ಸುತ್ತಿ ಎಳೆದರೆ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪನೆಯ ಪೊಳ್ಳು ಕೊಳವೆ. ಅವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ದಾರದಿಂದ ಸಾಲಾಗಿ ತೂಗುಹಾಕುವರು. ಸಣ್ಣ ತುದಿಯನ್ನು ಕಿವಿಯಲ್ಲಿಟ್ಟು, ದಪ್ಪ ತುದಿಗೆ ಕಡ್ಡಿ ಗೀರುವರು. ಉರಿ ಇಳಿದು ಬತ್ತಿ ನಾಲ್ಕು ಬೆರಳಷ್ಟು ಉಳಿದಾಗ ತೆಗೆದು ನೀರಿನ ಬೋಗುಣಿಯಲ್ಲಿ ಚುಯ್ಯೆನ್ನಿಸುವರು. ಇಷ್ಟರ ನಂತರವೇ ಅಸಲಿ ಆಟ. ಉಳಿದ ತುಂಡನ್ನು ಕತ್ತರಿಯಿಂದ ಸೀಳಿ, ಒಳಗಿನ ಹಳದಿ ಕಂದು ಪುಡಿಯನ್ನು ಬಸಿಯಲ್ಲಿ ಕೊಡವಿ ಎಲ್ಲರಿಗೂ ತೋರಿಸುವರು. "ನೋಡ್ರಿ, ಎಷ್ಟ ವರ್ಷದ ಗುಗ್ಗಿ! ಇದನ್ನ ಹೊತ್ಕೊಂಡು ಅಡ್ಡಾಡಾಕತ್ತಿದ್ರಿ!" ಮಲಗಿದ್ದವರು ಎದ್ದು, ಬಸಿ ನೋಡಿ, ನಾಚಿ, ಕೈಮುಗಿಯುವರು. ಕಿವಿ ಹಗುರಾಯಿತು ಎನ್ನುವರು.

ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದರೆ ಒಮ್ಮೆ ಪಂಢರಪುರದ ದಾರಿಯಲ್ಲಿ ಸಿಕ್ಕ ಬೈರಾಗಿ, ಒಮ್ಮೆ ಸ್ವಂತ ಮುತ್ಯಾ, ಇನ್ನೊಮ್ಮೆ ಬಂದರಿನಲ್ಲಿ ಭೇಟಿಯಾದ ಹಡಗಿನ ಡಾಕ್ಟರು. ಸ್ಟೇಶನ್ನಿನ ಹೊರಗೆ ಕೆಂಪು ರುಮಾಲು ಸುತ್ತಿಕೊಂಡು ಕೂರುವ ಕಿವಿ ಸಾಫು ಮಾಡುವವರನ್ನು ಕಂಡರೆ ಅವರಿಗೆ ತಿರಸ್ಕಾರ. "ಅವ್ರು ಕಬ್ಬಿಣದ ಕಡ್ಡಿ ಹಾಕತಾರ. ನಾ ಏನೂ ಹಾಕಂಗಿಲ್ಲ. ಬೆಂಕಿ ತಾನ ಎಳೀತೈತಿ" ಎನ್ನುವರು. ಅವರ ಹೆಂಡತಿ ಕಾಕು ಮಾತ್ರ ಭಾನುವಾರಗಳಲ್ಲಿ ಒಳಗೇ ಇರುತ್ತಿದ್ದಳು. ಆಕೆ ಕಿವಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಳ್ಳುವುದನ್ನು ನಾನು ನೋಡಿದ್ದೆ. ಆಗ ಅದರ ಅರ್ಥ ಹೊಳೆಯಲಿಲ್ಲ.

ನನ್ನ ಅಕ್ಕ ಕಸ್ತೂರಿ ನನಗಿಂತ ಐದು ವರ್ಷ ದೊಡ್ಡವಳು. ಎಪ್ಪತ್ತರ ಸುಮಾರಿಗೆ ಅವಳಿಗೆ ಸಾಂತಾಕ್ರೂಜಿನಲ್ಲಿ, ವಿಮಾನ ನಿಲ್ದಾಣದ ಹತ್ತಿರದ ಒಂದು ಹೊಟೇಲಿನ ಟೆಲಿಫೋನ್ ಬೋರ್ಡಿನಲ್ಲಿ ಕೆಲಸ ಸಿಕ್ಕಿತ್ತು. ಸೆಂಟ್ರಿಂಗ್ ಮಾಡುವವನ ಮಗಳು, ಮೆಟ್ರಿಕ್ ಪಾಸು, ಇಂಗ್ಲಿಷನ್ನು ರೇಡಿಯೋ ಕೇಳಿ ಕೇಳಿ ಕಲಿತವಳು. ಒಂದು ಕಿವಿಗೆ ಹೆಡ್‌ಫೋನ್, ಎದುರಿಗೆ ಸಾಲು ಸಾಲು ತೂತುಗಳ ಬೋರ್ಡು, ಕೈಯಲ್ಲಿ ವಯರು. ಲಂಡನ್ನಿನ ಕಾಲ್ ಬಂದರೂ ಧಾರವಾಡದ ಕಾಲ್ ಬಂದರೂ ಒಂದೇ ತಣ್ಣನೆಯ ದನಿಯಲ್ಲಿ "ಗುಡ್ ಮಾರ್ನಿಂಗ್" ಎನ್ನುವುದನ್ನು ಮನೆಯಲ್ಲಿ ನಮಗೆ ಮಾಡಿ ತೋರಿಸುತ್ತಿದ್ದಳು. ಅವ್ವ ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕನಿಗೆ ದನಿಗಳ ನೆನಪು ವಿಪರೀತ. ಒಮ್ಮೆ ಕೇಳಿದ ಗಿರಾಕಿಯನ್ನು ಆರು ತಿಂಗಳ ನಂತರವೂ ಹೆಸರು ಹಿಡಿದು ಮಾತಾಡಿಸುತ್ತಿದ್ದಳಂತೆ. ಹೊಟೇಲಿನವರಿಗೆ ಅದೇ ಬೆರಗು.

ಮರುವರ್ಷದ ಮಳೆಗಾಲ ಮುಗಿಯುವಾಗ ಅವಳ ಬಲಗಿವಿ ಗುಂಯ್ ಎನ್ನತೊಡಗಿತು. ಹತ್ತಿ ತುರುಕಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಅಪ್ಪ ಕಾಕಾನಿಗೆ ಹೇಳಿದ. ಅಕ್ಕನಿಗೆ ಸ್ವಲ್ಪ ಹಿಂಜರಿಕೆಯಿತ್ತು. ಕಾಕಾ ನಕ್ಕರು. "ಏನ್ ಯವ್ವಾ, ಇಂಗ್ಲಿಷ್ ಮಾತಾಡಾಕ ಬಂತು ಅಂತ ಕಾಕಾನ ಮ್ಯಾಲ ಭರೋಸಾ ಇಲ್ಲೇನು? ನಿಮ್ಮಪ್ಪಂದು ನಾನ ತಗದೇನಿ, ನಿಮ್ಮವ್ವಂದು ನಾನ ತಗದೇನಿ." ಅಪ್ಪನ ಎದುರಿಗೆ ಅವಳು ಹೂಂ ಎಂದಳು.

ಆ ಭಾನುವಾರ ಎಲ್ಲರಿಗಿಂತ ಮೊದಲ ಸರದಿ ಅವಳದು. ಎಡಮಗ್ಗುಲಾಗಿ ಮಲಗಿದಳು. ಹಟಮಾರಿ ಕಿವಿ ಎಂದು ಕಾಕಾ ಉದ್ದನೆಯ ಬತ್ತಿ ಆರಿಸಿದರು. ನನಗೆ, "ವಿಮಲಿ, ಅಕ್ಕನ ಕೈ ಗಟ್ಟಿ ಹಿಡಕೋ. ಅಲಗ್ಯಾಡಬಾರದು" ಎಂದರು. ನಾನು ಹಿಡಿದೆ. ಗ್ಯಾಲರಿಯಲ್ಲಿ ಗಾಳಿಯಿತ್ತು. ಉರಿ ಒಂದು ಕಡೆಗೆ ವಾಲುತ್ತಿತ್ತು. ಅದು ತಮ್ಮ ಪೈಜಾಮದ ಕಡೆ ಬಂತೆಂದು ಕಾಕಾ ಬತ್ತಿಯನ್ನು ಬಾಗಿಸಿದರು. ಅಷ್ಟೇ. ಕರಗಿದ ಮೇಣ ಕೊಳವೆಯ ಒಳಗಿನಿಂದಲೇ ಇಳಿಯಿತು.

ಅಕ್ಕ ಕಿರುಚಿದ್ದು ನಾನು ಅದುವರೆಗೆ ಕೇಳಿರದ ದನಿ. ಕೈ ಬಿಡಿಸಿಕೊಳ್ಳಲು ಒದ್ದಾಡಿದಳು. ಕಾಕಾ ಅವಳ ತಲೆಯನ್ನು ಅದುಮಿ, "ಬಿಡಬ್ಯಾಡ, ಬಿಡಬ್ಯಾಡ, ಈಗ ಎಳ್ಯಾಕತ್ತೈತಿ!" ಎಂದು ಕೂಗಿದರು. ನಾನು ಬಿಡಲಿಲ್ಲ. ಹದಿನಾರರ ನಾನು, ಪೂರ್ತಿ ಬಲ ಹಾಕಿ ಅಕ್ಕನ ಎರಡೂ ಮಣಿಕಟ್ಟು ಹಿಡಿದುಕೊಂಡೇ ಇದ್ದೆ. ಅವರನ್ನು ಕ್ಷಮಿಸಲಾಗದ್ದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅವರ ಕೆಲಸಕ್ಕೆ ನನ್ನ ಕೈಯನ್ನು ಬಳಸಿಕೊಂಡರು.

ಅವಳು ಚಾಪೆಯ ಮೇಲೆ ಹೊರಳಾಡುತ್ತಿರುವಾಗ ಕಾಕಾ ಏನು ಮಾಡಿದರು ಗೊತ್ತೇ? ಕತ್ತರಿ ತೆಗೆದುಕೊಂಡು ಬತ್ತಿಯ ತುಂಡನ್ನು ಸೀಳಿದರು. ಬಸಿಯನ್ನು ಸುತ್ತ ನಿಂತವರ ಮುಂದೆ ಹಿಡಿದರು. "ಉರೀತೈತಿ ಅಂದ್ರ ಬೇರ ಸಮೇತ ಬಂತು ಅಂತ ತಿಳೀರಿ!"

ಮೂರು ದಿನ ಬೆಳ್ಳುಳ್ಳಿ ಎಣ್ಣೆ ಬಿಡಿ ಎಂದರು. ಬಿಟ್ಟೆವು. ನಾಲ್ಕನೆಯ ದಿನ ದಿಂಬಿನ ಮೇಲೆ ಕೀವು, ಮೈ ಕೆಂಡ. ಕಾಕಾನನ್ನು ಒಂದು ಮಾತು ಕೇಳೋಣ ಎಂದ ಅಪ್ಪನನ್ನು ಅವ್ವ ಜೀವಮಾನದಲ್ಲಿ ಮೊದಲ ಬಾರಿಗೆ ಬೈದಳು. ಅವ್ವನೂ ನಾನೂ ಅಕ್ಕನನ್ನು ಸರ್ಕಾರಿ ದವಾಖಾನೆಗೆ ಕರೆದೊಯ್ದೆವು. ಹಣೆಗೆ ಕನ್ನಡಿ ಕಟ್ಟಿಕೊಂಡ ಮರಾಠಿ ಡಾಕ್ಟರಬಾಯಿ ಬಹಳ ಹೊತ್ತು ನೋಡಿದರು. ಸಣ್ಣ ಚಿಮಟದಿಂದ ಏನನ್ನೋ ಎಳೆದು ಹತ್ತಿಯ ಮೇಲಿಟ್ಟರು. ಅರಿಸಿನ ಬಣ್ಣದ ತೆಳ್ಳನೆಯ ಬಿಲ್ಲೆ. "ಯೆ ಮೈಲ್ ನಹೀ ಹೈ. ಮೋಮ್ ಹೈ. ಇಸ್ ಮೇ ಹಲ್ದಿ ಕಿಸ್ ನೇ ಡಾಲೀ?" ಎಂದು ಕೇಳಿದರು. ಇದು ಕೊಳೆಯಲ್ಲ, ಮೇಣ, ಇದಕ್ಕೆ ಅರಿಸಿನ ಹಾಕಿದವರು ಯಾರು ಎಂದು. ಅವ್ವ ತಲೆ ತಗ್ಗಿಸಿದಳು. ಆಮೇಲೆ ಡಾಕ್ಟರಬಾಯಿ ಇನ್ನೂ ಒಂದನ್ನು ತೆಗೆದರು, ಕಪ್ಪಗೆ, ಹುಣಸೆ ಬೀಜದ ಚೂರಿನ ಹಾಗೆ. ಅಸಲಿ ಗುಗ್ಗೆ ಅದು. ಒಂದು ಪಕ್ಕಕ್ಕೆ ಅಂಟಿಕೊಂಡು ಇದ್ದಲ್ಲೇ ಇತ್ತು. ಕಾಕಾನ ಬೆಂಕಿ ಅದನ್ನು ಕೂದಲೆಳೆಯಷ್ಟೂ ಕದಲಿಸಿರಲಿಲ್ಲ. ಮೇಣ ಅದರ ಪಕ್ಕದಿಂದ ಇಳಿದು ಪರದೆ ಸುಟ್ಟಿತ್ತು, ತೂತು ಬಿದ್ದಿತ್ತು.

ನಾನು ಕೇಳಿದೆ, ಬೆಂಕಿ ಎಳೆಯುವುದಿಲ್ಲವೇ ಎಂದು. ಅವರು ಸಿಟ್ಟಾಗಲಿಲ್ಲ. ತಬಲಾಕ್ಕೆ ಚರ್ಮ ಬಿಗಿದ ಹಾಗೆ ಕಿವಿಯ ಒಳಗೆ ಪರದೆ ಇದೆ, ಹೊರಗೆ ಉರಿ ಹಚ್ಚಿದರೆ ಒಳಗಿನಿಂದ ಏನೂ ಎದ್ದು ಬರುವುದಿಲ್ಲ ಎಂದರು. ಗುಗ್ಗೆ ಕೊಳೆಯೂ ಅಲ್ಲ, ಕಿವಿಯನ್ನು ಕಾಯಲು ದೇಹವೇ ಮಾಡಿಕೊಂಡದ್ದು. ಗಟ್ಟಿಯಾಗಿ ತೊಂದರೆ ಕೊಟ್ಟರೆ ನಾಲ್ಕು ದಿನ ಔಷಧದ ಹನಿ ಬಿಟ್ಟು, ಬೆಚ್ಚನೆಯ ನೀರಿನ ಪಿಚಕಾರಿ ಹೊಡೆದರೆ ಐದು ನಿಮಿಷದ ಕೆಲಸ. ಐದು ನಿಮಿಷ ಎಂಬ ಮಾತಿಗೆ ಅಕ್ಕ ನನ್ನ ಕಡೆ ನೋಡಿದಳು, ಅಳಲಿಲ್ಲ.

ಕಿವಿ ತಿಂಗಳುಗಟ್ಟಲೆ ಸೋರಿತು. ಸೋರುವುದು ನಿಂತ ಮೇಲೆ ಕೇಳಿಸುವುದೂ ನಿಂತಿತು. ಎಡಗಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದಳು. ಆಪರೇಟರಿಗೆ ಒಂದು ಕಿವಿ ಲೈನಿನ ಮೇಲೆ, ಇನ್ನೊಂದು ಕಿವಿ ಹಿಂದಿನಿಂದ ಕೂಗುವ ಕೌಂಟರಿನವರ ಮೇಲೆ ಇರಬೇಕು. ಅವರು ಕೂಗಿದ್ದು ಇವಳಿಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಮ್ಯಾನೇಜರ್ ಕರೆದು, ಸಭ್ಯತೆಯಿಂದಲೇ, ಲಿನನ್ ರೂಮಿಗೆ ಹೋಗು ಎಂದ. ಅಂದಿನಿಂದ ಅವಳ ಕೆಲಸ ಚಾದರು, ಟವೆಲ್ಲು ಎಣಿಸುವುದು. ಮನೆಯಲ್ಲಿ ಅವಳು ಮತ್ತೆಂದೂ "ಗುಡ್ ಮಾರ್ನಿಂಗ್" ಮಾಡಿ ತೋರಿಸಲಿಲ್ಲ.

ಇಷ್ಟಾಗಿಯೂ ಕಾಕಾ ಬಂದು, "ತಪ್ಪಾತು" ಎಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ಅವರು ನಲ್ಲಿಯ ಹತ್ತಿರ, ಹಾಲಿನ ಸಾಲಿನಲ್ಲಿ, ಎಲ್ಲ ಕಡೆ ಒಂದೇ ಮಾತು ಹಬ್ಬಿಸಿದರು. "ಆ ಹುಡುಗಿಗಿ ಸಣ್ಣಾಕಿ ಇದ್ದಾಗಿಂದ ಕಿವಿ ಸೋರತಿತ್ತು. ಮನ್ಯಾಗ ಮುಚ್ಚಿಟ್ಟಿದ್ರು. ನಾ ಕೈ ಹಚ್ಚಿದ್ದಕ್ಕ ಇಷ್ಟರ ಉಳೀತು." ಮುಂದಿನ ಭಾನುವಾರ ಚಾಪೆ ಹಾಸಿತ್ತು, ಸಾಲೂ ಇತ್ತು.

ನಾನು ಆಗ ಕಾಲೇಜಿನಲ್ಲಿ ಸೈನ್ಸ್ ಸೇರಿದ್ದೆ. ಒಂದು ಮಧ್ಯಾಹ್ನ ಕಾಕಾ ಕೆಲಸಕ್ಕೆ ಹೋದಾಗ ಕಾಕುವನ್ನು ಎರಡು ಬತ್ತಿ ಕೇಳಿದೆ. ಯಾಕೆ ಎಂದು ಆಕೆ ಕೇಳಲಿಲ್ಲ. ಹಗ್ಗದಿಂದ ಬಿಡಿಸಿ ನನ್ನ ಕೈಗಿಟ್ಟು, "ನಾ ಎಂದೂ ಹಚ್ಚಿಸಿಕೊಂಡಿಲ್ಲವ್ವ" ಎಂದಷ್ಟೇ ಹೇಳಿ ಒಳಗೆ ಹೋದಳು. ನಮ್ಮ ಖೋಲಿಯಲ್ಲಿ ಒಂದು ಖಾಲಿ ಸ್ಟೀಲ್ ಲೋಟದ ಬಾಯಿಗೆ ರಟ್ಟು ಮುಚ್ಚಿ, ತೂತು ಕೊರೆದು, ಬತ್ತಿಯನ್ನು ಅದರಲ್ಲಿ ನಿಲ್ಲಿಸಿ ಹಚ್ಚಿದೆ. ನಾಲ್ಕು ಬೆರಳು ಉಳಿದಾಗ ಆರಿಸಿ ಸೀಳಿದೆ. ಅದೇ ಹಳದಿ ಕಂದು ಪುಡಿ. ಅಷ್ಟೇ ಪುಡಿ. ಲೋಟಕ್ಕೆ ಎಲ್ಲಿಂದ ಬರಬೇಕು ಗುಗ್ಗೆ? ಮೇಣ ಮತ್ತು ಬಟ್ಟೆ ಅರ್ಧಂಬರ್ಧ ಸುಟ್ಟು ಉಳಿದದ್ದನ್ನೇ ಇಷ್ಟು ವರ್ಷ ನಮ್ಮ ಕಿವಿಯದು ಎಂದು ತೋರಿಸಿ ನಾಚಿಸಿದ್ದರು.

ಭಾನುವಾರ ಲೋಟ ಮತ್ತು ಇನ್ನೊಂದು ಬತ್ತಿ ಹಿಡಿದು ಗ್ಯಾಲರಿಗೆ ಹೋದೆ. ಹತ್ತು ಹನ್ನೆರಡು ಜನರಿದ್ದರು. ಎಲ್ಲರ ಎದುರಿಗೆ ಹಚ್ಚಿದೆ, ಸೀಳಿದೆ, ಪುಡಿಯನ್ನು ಅವರದೇ ಬಸಿಯಲ್ಲಿ ಕೊಡವಿದೆ. "ಕಾಕಾ, ಈ ಲೋಟಾಕ ಕಿವಿ ಎಲ್ಲಿ ಐತಿ?" ಎಂದೆ.

ಒಂದು ಕ್ಷಣ ಅವರ ಕಣ್ಣು ಓಡಾಡಿದವು. ಆಮೇಲೆ ನಕ್ಕರು. "ಇದು ಚೆಂಬೂರು ಐತಿ ಮಗಳ! ಗಾಳ್ಯಾಗ ಏನ ಸ್ವಚ್ಛ ಐತಿ? ರಿಫೈನರಿ ಹೊಗಿ, ಫ್ಯಾಕ್ಟರಿ ಧೂಳ. ನನ್ನ ಬತ್ತಿ ಖಾಲಿ ಗಾಳ್ಯಾಗಿನ ಹೊಲಸನೂ ಎಳೀತೈತಿ ಅಂದ್ರ ಕಿವ್ಯಾಗಿಂದ ಬಿಡತೈತೇನು?" ಎಲ್ಲರೂ ಹೋ ಎಂದು ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ಸಾಲಿನ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದ. "ಹಿರ್ಯಾರಿಗಿ ಹಿಂಗ ಮಾತಾಡತಾರೇನು? ಬೀಳ ಕಾಲಿಗಿ." ತಲೆಯ ಮೇಲಿನ ಸೂರು ಅವರಿಂದ ಬಂದದ್ದು ಎಂದು ಅಪ್ಪ ಸಾಯುವವರೆಗೂ ನಂಬಿದ್ದ. ನಾನು ಕಾಲಿಗೆ ಬಿದ್ದೆ. ಕಾಕಾ ತಲೆ ಸವರಿ, "ಸೈನ್ಸ್ ಓದಿದ್ರ ಹಿಂಗ ಆಗತೈತಿ" ಎಂದರು.

ಇದರಲ್ಲೆಲ್ಲ ನನಗೆ ಹೆಚ್ಚು ನೋವಾದದ್ದು ಅಕ್ಕನ ಮಾತಿನಿಂದ. ಅವಳು ಅವರನ್ನು ಬಿಟ್ಟುಕೊಡುತ್ತಿರಲಿಲ್ಲ. "ಅವ್ರು ಚಲೋ ಆಗಲಿ ಅಂತ ಮಾಡಿದ್ರು ವಿಮಲಿ. ಅವ್ರಿಗೂ ಗೊತ್ತಿರಲಿಲ್ಲ. ನನ್ನ ಹಣೇಬರ" ಎನ್ನುತ್ತಿದ್ದಳು. ಗೊತ್ತಿರಲಿಲ್ಲ ಎಂಬ ಆ ಮಾತೊಂದನ್ನು ಹಿಡಿದುಕೊಂಡು ಐದು ವರ್ಷ ಚಾದರು ಎಣಿಸಿದಳು.

ಬಿ.ಎಸ್ಸಿ. ಮುಗಿಸಿ ನಾನು ಬೊರಿವಲಿಯ ಒಂದು ಶಾಲೆಯಲ್ಲಿ ಟೀಚರ್ ಆದೆ. ಒಂದು ಸಂಜೆ ಗಂಟಲು ನೋವೆಂದು ಶಾಲೆಯಿಂದ ನೇರವಾಗಿ ಸ್ಟೇಶನ್ ಹತ್ತಿರದ ಕಿವಿ, ಮೂಗು, ಗಂಟಲಿನ ಡಾಕ್ಟರ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ಕಾಕಾ ಕೂತಿದ್ದರು. ಕೈಯಲ್ಲಿ ಔಷಧದ ಸಣ್ಣ ಬಾಟಲಿ, ಎಡಗಿವಿಯಲ್ಲಿ ಹತ್ತಿ. ಚೆಂಬೂರಿನಿಂದ ಬೊರಿವಲಿಗೆ ಬರಲು ಕುರ್ಲಾದಲ್ಲಿ ಒಮ್ಮೆ, ದಾದರಿನಲ್ಲಿ ಒಮ್ಮೆ ಲೋಕಲ್ ಬದಲಿಸಬೇಕು. ಚೆಂಬೂರಿನಲ್ಲಿ ಡಾಕ್ಟರಿಗೆ ಬರವಿರಲಿಲ್ಲ.

ನನ್ನನ್ನು ನೋಡಿ ಎದ್ದು ನಿಂತರು, ಮತ್ತೆ ಕೂತರು.

"ಪಿಚಕಾರಿ ಹೊಡಸ್ಕೊಳ್ಳಾಕ ಬಂದೀರೇನ್ರಿ ಕಾಕಾ?"

"ಮೆಲ್ಲಕ ಮಾತಾಡವ್ವ."

"ನಿಮ್ಮ ಬತ್ತಿ ಹಚ್ಕೋಬೇಕಿತ್ತು."

ಅವರು ಬಾಗಿಲ ಕಡೆ ನೋಡಿದರು. ಆಮೇಲೆ, ನಾನು ಅವರ ಬಾಯಿಂದ ಕೇಳಿದ ಏಕೈಕ ನಿಜವಾದ ಮಾತು ಹೇಳಿದರು. "ಅಂಜಿಕಿ ಆಗತೈತಿ. ನಾ ಎಂದೂ ಹಚ್ಕೊಂಡಿಲ್ಲ." ಬಾಟಲಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, "ಇಲ್ಲಿ ನೋಡಿದ್ದು ಚಾಳಿನ್ಯಾಗ ಹೇಳಬ್ಯಾಡ ತಾಯಿ. ಈ ವಯಸ್ಸಿನ್ಯಾಗ ನಗಿಗೀಡಾಗತೈತಿ" ಎಂದರು. ಕಂಪೌಂಡರ್ ಕರೆದ. ಅವರು ಒಳಗೆ ಹೋದರು. ಪರದೆಯ ಆಚೆಯಿಂದ ಟ್ರೇಯಲ್ಲಿ ನೀರು ಬೀಳುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಮುಖ ಅರಳಿತ್ತು, ಕಿವಿ ಬಿಟ್ಟಿತ್ತು. ಗೋಡೆಯ ಗಡಿಯಾರ ನೋಡಿದೆ. ಐದು ನಿಮಿಷವೂ ಆಗಿರಲಿಲ್ಲ. ನನ್ನ ಗಂಟಲು ತೋರಿಸದೆಯೇ ಎದ್ದು ಬಂದುಬಿಟ್ಟೆ.

ಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವಳ ಎಡಕ್ಕೆ ಕೂತು ಹೇಳಿದೆ. ಒಂದು ಅಕ್ಷರ ಸೇರಿಸಲಿಲ್ಲ, ಬಿಡಲಿಲ್ಲ. ಅವಳ ಕೈ ನಿಂತಿತು.

"ಅಂಜಿಕಿ ಆಗತೈತಿ ಅಂದ್ರಾ?"

"ಹೂಂ."

"ಎಂದೂ ಹಚ್ಕೊಂಡಿಲ್ಲ ಅಂದ್ರಾ?"

"ಹೂಂ."

ತವೆಯ ಮೇಲಿನ ರೊಟ್ಟಿ ಹೊತ್ತಿತು. ಅವಳು ತೆಗೆಯಲಿಲ್ಲ. "ಹಂಗಾದ್ರ ಗೊತ್ತಿತ್ತು ಅವ್ರಿಗಿ" ಎಂದಳು.

ಆ ಭಾನುವಾರ ಅಕ್ಕ ನಮ್ಮ ಮನೆಯ ಸ್ಟೂಲನ್ನು ಎತ್ತಿಕೊಂಡು ಹೋಗಿ ಕಾಕಾನ ಚಾಪೆಯ ಪಕ್ಕದಲ್ಲೇ ಇಟ್ಟು ಕೂತಳು. ಮಡಿಲಲ್ಲಿ ಮೊರ, ಮೊರದಲ್ಲಿ ಅಕ್ಕಿ. ಕಲ್ಲು ಆರಿಸುತ್ತ, ಬಂದವರಿಗೆಲ್ಲ ಒಂದೇ ಮಾತು. "ಈ ಕಡಿ ಬಂದು ಮಾತಾಡ್ರಿ, ಎಡಕ್ಕ. ಬಲಗಿವಿ ಕಾಕಾ ಸುಟ್ಟಾರ. ಅವ್ರ ಕಿವಿಗಿ ಅವ್ರು ಬೊರಿವಲಿ ಡಾಕ್ಟರ ಹಂತ್ಯಾಕ ಹೋಗತಾರ." ಕೂಗಲಿಲ್ಲ, ಅಳಲಿಲ್ಲ. ಟೆಲಿಫೋನಿನಲ್ಲಿ ಆಡುತ್ತಿದ್ದ ಅದೇ ತಣ್ಣನೆಯ ದನಿ. ಅಪ್ಪ ಬಂದು ಬೈದ. "ಏಳಂಗಿಲ್ಲ" ಎಂದಳು. ಮೊದಲ ವಾರ ಅರ್ಧ ಸಾಲು ಕರಗಿತು. ಎರಡನೆಯ ವಾರ ಮೂರೋ ನಾಲ್ಕೋ ಮಂದಿ. ಮೂರನೆಯ ವಾರ ಚಾಪೆಯ ಮೇಲೆ ಕಾಕಾ ಒಬ್ಬರೇ, ಸ್ಟೂಲಿನ ಮೇಲೆ ಅಕ್ಕ ಒಬ್ಬಳೇ. ನಾನು ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಬಹಳ ಹೊತ್ತಾದ ಮೇಲೆ ಕಾಕಾ ಎದ್ದರು. ಅಕ್ಕನ ಪಕ್ಕಕ್ಕೆ ಬಂದು, ಬಗ್ಗಿ, ತಗ್ಗಿದ ದನಿಯಲ್ಲಿ ಏನೋ ಹೇಳಿದರು. ತುಟಿ ಅಲುಗಿದ್ದು ನನಗೆ ಕಂಡಿತು, ಮಾತು ಕೇಳಿಸಲಿಲ್ಲ. ಅಕ್ಕ ತಲೆಯೆತ್ತಲಿಲ್ಲ. ಅವರು ಹಗ್ಗದಿಂದ ಬತ್ತಿಗಳನ್ನೆಲ್ಲ ಬಿಚ್ಚಿ, ಚಾಪೆ ಸುತ್ತಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಆ ಚಾಪೆಯನ್ನು ಗ್ಯಾಲರಿಯಲ್ಲಿ ಯಾರೂ ನೋಡಲಿಲ್ಲ.

ನಾನು ಓಡಿಹೋಗಿ, "ಏನಂದ್ರು? ತಪ್ಪಾತು ಅಂದ್ರೇನು?" ಎಂದು ಕೇಳಿದೆ.

"ಯಾರಿಗೊತ್ತು," ಎಂದಳು ಅಕ್ಕ. "ಬಲಗಡೆ ನಿಂತು ಹೇಳಿದ್ರು."

"ಇನ್ನೊಮ್ಮೆ ಹೇಳ್ರಿ ಅನ್ನಬೇಕಿತ್ತಲ್ಲ!"

ಅವಳು ಮೊರವನ್ನು ಒಮ್ಮೆ ಕೇರಿ, ಒಂದು ಕಲ್ಲು ಹೆಕ್ಕಿ ಗ್ಯಾಲರಿಯಿಂದ ಕೆಳಗೆ ಎಸೆದಳು.

"ಯಾವ ಕಿವಿ ಸುಟ್ಟೀನಿ ಅಂತ ಅವ್ರಿಗಿ ಗೊತ್ತೈತಿ," ಎಂದಳು. "ನನಗ ಕೇಳಬೇಕು ಅಂತ ಇದ್ದಿದ್ರ ಈ ಕಡಿ ಬರತಿದ್ರು."